ಯಳಂದೂರಿನ ಮಂತ್ರಿಯೂ ಇಂದಿನ ಪಕ್ಷೇತರನೂ

ಅಹಿಂಸಾಣುವ್ರತವನ್ನು ಎಚ್ಚರದಿಂದ ಪಾಲಿಸುವ ಶ್ರಾವಕರ ಮನೆಗಳಲ್ಲಿಯೂ ಸತ್ಯಾಣುವ್ರತಕ್ಕೆ ಅಷ್ಟೇ ಕಾವಲು ಇರುವುದು ಅಪರೂಪ. ನೀರನ್ನು ಸೋಸಿ ಕುಡಿಯುವವರು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವವರು, ಕಿವಿಗೆ ಬಿದ್ದ ಮಾತನ್ನು ಮಾತ್ರ ಸೋಸದೆ ಮುಂದಕ್ಕೆ ದಾಟಿಸಿಬಿಡುತ್ತಾರೆ. ಚುನಾವಣೆಯ ದಿನಗಳಲ್ಲಿ ಈ ಮರೆವು ಇಮ್ಮಡಿಯಾಗುತ್ತದೆ. ಒಂದು ಕಾಲದಲ್ಲಿ ಜಗಲಿಯ ಮೇಲೆ, ಸಂತೆಯಲ್ಲಿ, ಕರಪತ್ರದಲ್ಲಿ ಹರಡುತ್ತಿದ್ದ ಅಪವಾದವು ಇಂದು ಪ್ರತಿಯೊಬ್ಬರ ಅಂಗೈಯಲ್ಲಿರುವ ಮೊಬೈಲಿನ ಮೂಲಕ ಕ್ಷಣಮಾತ್ರದಲ್ಲಿ ಊರೂರನ್ನು ಮುಟ್ಟುತ್ತದೆ. ಪಕ್ಷದ ಆಸರೆಯಿಲ್ಲದೆ ಒಂಟಿಯಾಗಿ ನಿಂತ ಅಭ್ಯರ್ಥಿಗೆ ಅದರ ಪೆಟ್ಟು ಎಲ್ಲರಿಗಿಂತ ಹೆಚ್ಚಾಗಿ ತಗಲುತ್ತದೆ. ಇದು ರಾಜಕಾರಣಿಗಳಿಗೆ ಸಂಬಂಧಿಸಿದ ವಿಷಯವೆಂದು ಧಾರ್ಮಿಕರು ದೂರ ಸರಿಯುವಂತಿಲ್ಲ. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯ ಇತಿಹಾಸವು ಈ ವಿಷಯವನ್ನು ಜೈನ ಸಮಾಜದ ಬಾಗಿಲಿಗೇ ತಂದು ನಿಲ್ಲಿಸುತ್ತದೆ.

ಒಂದು ಮತದ ಸೀಮೆ

ಈ ಸೀಮೆಯ ಮತದಾರರು ಒಂದೇ ಪಕ್ಷಕ್ಕೆ ಕಟ್ಟುಬಿದ್ದವರಲ್ಲ. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಅಂದಿನಿಂದ ಮೈಸೂರು ಜಿಲ್ಲೆಯ ಭಾಗವಾಗಿ, 1997ರಲ್ಲಿ ಹೊಸದಾಗಿ ರಚಿತವಾದ ಚಾಮರಾಜನಗರ ಜಿಲ್ಲೆಗೆ ಬಂದಿತು. 2004ರ ವಿಧಾನಸಭಾ ಚುನಾವಣೆಯಲ್ಲಿ ಕೊಳ್ಳೇಗಾಲದ ಮತದಾರರು ಪಕ್ಷೇತರರಾಗಿ ನಿಂತ ಎಸ್. ಬಾಲರಾಜ್ ಅವರನ್ನು ಆರಿಸಿ ಕಳುಹಿಸಿದರು. ಮುಂದಿನ ವರ್ಷಗಳಲ್ಲಿ ಅದೇ ಕ್ಷೇತ್ರವು ಕಾಂಗ್ರೆಸ್ಸನ್ನೂ ಭಾರತೀಯ ಜನತಾ ಪಕ್ಷವನ್ನೂ 2018ರಲ್ಲಿ ಬಹುಜನ ಸಮಾಜ ಪಕ್ಷವನ್ನೂ ಗೆಲ್ಲಿಸಿತು. ಪಕ್ಷದ ಹೆಸರಿಗಿಂತ ವ್ಯಕ್ತಿಯ ಹೆಸರನ್ನು ತೂಗಿ ನೋಡುವ ಅಭ್ಯಾಸ ಇಲ್ಲಿಯ ಜನರಿಗೆ ಉಂಟೆಂಬುದಕ್ಕೆ ಇದು ಸಾಕ್ಷಿ.

ಅದೇ 2004ರಲ್ಲಿ ಯಳಂದೂರಿಗೆ ಸಮೀಪದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ನಡೆದ ಸಂಗತಿ ದೇಶದ ಚುನಾವಣಾ ಇತಿಹಾಸದಲ್ಲಿಯೇ ದಾಖಲಾಯಿತು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜನತಾದಳದ (ಜಾತ್ಯತೀತ) ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಒಂದೇ ಒಂದು ಮತ ಫಲಿತಾಂಶವನ್ನು ನಿರ್ಣಯಿಸಿತು. ಇವರಿಬ್ಬರೂ ಪಕ್ಷದ ಅಭ್ಯರ್ಥಿಗಳೇ. ಆದರೂ ಈ ಉದಾಹರಣೆಯಲ್ಲಿ ಎಲ್ಲರಿಗೂ ಒಂದು ಎಚ್ಚರಿಕೆಯಿದೆ. ಒಬ್ಬ ಮತದಾರನ ಮನಸ್ಸನ್ನು ಸುಳ್ಳಿನಿಂದ ಕದಡಿದರೆ ಇಡೀ ಕ್ಷೇತ್ರದ ತೀರ್ಪೇ ಬೇರೆಯಾಗಬಹುದಾದ ಸೀಮೆ ಇದು. ಆದುದರಿಂದ ‘ಒಂದು ಸಣ್ಣ ಸಂದೇಶದಿಂದ ಏನಾಗುತ್ತದೆ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ವಿಶಾಲಾಕ್ಷ ಪಂಡಿತ

ಮತದಾನವಾಗಲಿ ಪಕ್ಷವಾಗಲಿ ಇಲ್ಲದ ಕಾಲದಲ್ಲಿಯೂ ಅಪವಾದವಿತ್ತು. ಸುಮಾರು ಮೂರೂವರೆ ಶತಮಾನಗಳ ಹಿಂದೆ ಯಳಂದೂರಿನ ಜೈನ ಮನೆತನವೊಂದರಿಂದ ಬಂದ ವಿಶಾಲಾಕ್ಷ ಪಂಡಿತನು ಮೈಸೂರಿನ ಚಿಕ್ಕದೇವರಾಜ ಒಡೆಯರ ಪ್ರಧಾನಮಂತ್ರಿಯಾದನು. ಬಾಲ್ಯದಲ್ಲಿ ಯಳಂದೂರಿನಲ್ಲಿ ಬೆಳೆದ ಸ್ನೇಹವು, ರಾಜಕುಮಾರನು ಹಂಗಳದಲ್ಲಿ ಬಂಧನದಲ್ಲಿದ್ದ ಕಷ್ಟದ ದಿನಗಳಲ್ಲಿಯೂ ಮುರಿಯಲಿಲ್ಲವೆಂದು ಪರಂಪರೆ ಹೇಳುತ್ತದೆ. 1673ರಲ್ಲಿ ಚಿಕ್ಕದೇವರಾಜರು ಪಟ್ಟವೇರಿದಾಗ ರಚಿತವಾದ ಮಂತ್ರಾಲೋಚನ ಸಭೆಯಲ್ಲಿ ಜೈನನಾದ ವಿಶಾಲಾಕ್ಷ ಪಂಡಿತನ ಜೊತೆಗೆ ಶ್ರೀವೈಷ್ಣವರಾದ ತಿರುಮಲಾರ್ಯರೂ ಚಿಕ್ಕುಪಾಧ್ಯಾಯರೂ ವೀರಶೈವನಾದ ಷಡಕ್ಷರಯ್ಯನೂ ಕರಣಿಕ ಲಿಂಗಣ್ಣಯ್ಯನೂ ಇದ್ದರು. ಬೇರೆ ಬೇರೆ ಮತಧರ್ಮಗಳ ವಿದ್ವಾಂಸರು ಒಂದೇ ಸಭೆಯಲ್ಲಿ ಕುಳಿತು ರಾಜ್ಯದ ಹೊಣೆ ಹೊತ್ತ ಕಾಲವದು. 1677ರಲ್ಲಿ ಶ್ರವಣಬೆಳಗೊಳದ ಶ್ರೀ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕವನ್ನು ನೆರವೇರಿಸಿದ ಪುಣ್ಯವೂ ಈ ಮಂತ್ರಿಯದು.

ಆದರೆ ಆಡಳಿತವೆಂದರೆ ತೆರಿಗೆ. ಚಿಕ್ಕದೇವರಾಜರ ಕಾಲದಲ್ಲಿ ಭೂಕಂದಾಯದ ಜೊತೆಗೆ ಹಲವು ಸಣ್ಣಪುಟ್ಟ ತೆರಿಗೆಗಳು ಸೇರಿಕೊಂಡು ರೈತರಿಗೆ ಭಾರವಾದವು. ಪ್ರಜೆಗಳ ಅಸಮಾಧಾನ ನ್ಯಾಯವಾದುದೇ ಆಗಿರಬಹುದು. ಆದರೆ ಸಿಂಹಾಸನವನ್ನು ದೂರಲು ಅಂಜುವ ಬಾಯಿಗೆ ಸಿಂಹಾಸನದ ಪಕ್ಕದಲ್ಲಿ ನಿಂತವನನ್ನು ದೂರುವುದು ಸುಲಭ. ಅವನು ಸಂಖ್ಯೆಯಲ್ಲಿ ಅಲ್ಪರಾದ ಜನರಿಗೆ ಸೇರಿದವನಾದರೆ ಇನ್ನೂ ಸುಲಭ. ರಾಜನ ನಡೆಗೆಲ್ಲ ಜೈನ ಪಂಡಿತನ ಪ್ರೇರಣೆಯೇ ಕಾರಣವೆಂಬ ಮಾತು ಹಬ್ಬಿತು. ತೆರಿಗೆ ಸರಿಯೋ ತಪ್ಪೋ ಎಂಬ ಪ್ರಶ್ನೆ ಹಿಂದೆ ಸರಿದು, ಮಂತ್ರಿಯ ಧರ್ಮ ಯಾವುದು ಎಂಬ ಪ್ರಶ್ನೆ ಮುಂದೆ ಬಂದಿತು. ಮಾಡಿದ ಕೆಲಸವನ್ನು ಬಿಟ್ಟು ಮಾಡಿದವನ ಹುಟ್ಟನ್ನು ಹಿಡಿದು ಜಗ್ಗುವುದು ಅಪವಾದದ ಹಳೆಯ ಹಾದಿ. 1686ರಲ್ಲಿ ವಿಶಾಲಾಕ್ಷ ಪಂಡಿತನು ಶ್ರೀರಂಗಪಟ್ಟಣದಲ್ಲಿ ಹಂತಕರ ಕೈಗೆ ಸಿಕ್ಕಿ ಮಡಿದನು. ಪ್ರಾಣ ಬಿಡುವ ಮೊದಲು ತನ್ನ ಸ್ಥಾನಕ್ಕೆ ಅನ್ಯಮತದವರಾದ ತಿರುಮಲಾರ್ಯರ ಹೆಸರನ್ನು ತಾನೇ ಸೂಚಿಸಿದನೆಂದು ಹೇಳಲಾಗುತ್ತದೆ. ಅವನ ನಂತರ ತಿರುಮಲಾರ್ಯರೇ ಪ್ರಧಾನರಾದರು.

ಕಥೆಯ ಇನ್ನೊಂದು ಮಗ್ಗುಲು

ಜೈನ ಮನೆಗಳಲ್ಲಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ನಿಟ್ಟುಸಿರುಬಿಡುವುದು ವಾಡಿಕೆ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ; ಜೈನ ಓದುಗನ ಆತ್ಮಪರೀಕ್ಷೆ ಆರಂಭವಾಗುವುದೇ ಇಲ್ಲಿಂದ. ಮಂತ್ರಿಯ ಕೊಲೆಯ ಸಂಶಯ ಜಂಗಮರ ಮೇಲೆ ಬಿದ್ದಿತು. ತೆರಿಗೆಯ ವಿರುದ್ಧ ರೈತರ ಪರವಾಗಿ ನಿಂತವರು ಅವರೆಂಬುದೇ ಆ ಸಂಶಯಕ್ಕೆ ಆಧಾರ. ರಾಜನು ಜಂಗಮರನ್ನು ನಂಜನಗೂಡಿಗೆ ಕರೆಸಿ ನೂರಾರು ಮಂದಿಯನ್ನು ಕೊಲ್ಲಿಸಿದನೆಂಬ ಭೀಕರ ಕಥನವನ್ನು ಕರ್ನಲ್ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿಟ್ಟನು. ಆ ಗ್ರಂಥದ ಮೊದಲ ಸಂಪುಟ ಪ್ರಕಟವಾದುದು 1810ರಲ್ಲಿ; ಎಂದರೆ ಘಟನೆ ನಡೆದು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ವಿಲ್ಕ್ಸನ ಕೈಗೆ ಸಿಕ್ಕಿದ್ದು ಬಾಯಿಂದ ಬಾಯಿಗೆ ಬಂದ ಸುದ್ದಿ. ನಂತರದ ಇತಿಹಾಸಕಾರರು ಆ ಕಥನವನ್ನು ಇದ್ದಂತೆಯೇ ಒಪ್ಪಿಕೊಂಡಿಲ್ಲ.

ಇಲ್ಲಿ ಎರಡು ಅಪವಾದಗಳು ಎದುರುಬದುರಾಗಿ ನಿಲ್ಲುತ್ತವೆ. ರಾಜ್ಯದ ಕಷ್ಟಕ್ಕೆಲ್ಲ ಒಬ್ಬ ಜೈನನೇ ಕಾರಣ ಎಂಬುದು ಮೊದಲನೆಯದು. ಒಬ್ಬ ಜೈನನ ಕೊಲೆಗೆ ಒಂದು ಪಂಥವೇ ಕಾರಣ ಎಂಬುದು ಎರಡನೆಯದು. ಕೊಂದವರು ಯಾರೆಂಬುದು ಸಾಬೀತಾಗದಿದ್ದರೂ ಎರಡನೆಯ ಮಾತನ್ನು ಮಕ್ಕಳಿಗೆ ಹೇಳಿಕೊಂಡು ಬಂದವರು, ಮೊದಲನೆಯ ಮಾತಿನಿಂದ ನೊಂದವರೇ. ಅಪವಾದಕ್ಕೆ ಗುರಿಯಾದವರು ಅಪವಾದವನ್ನು ಹೊರಿಸುವುದರಲ್ಲಿ ಹಿಂದೆ ಬೀಳುವುದಿಲ್ಲವೆಂಬ ಈ ಕಹಿಸತ್ಯವನ್ನು ಒಪ್ಪಿಕೊಳ್ಳದೆ ಇಂದಿನ ಚುನಾವಣಾ ಕಣವನ್ನು ಕುರಿತು ಉಪದೇಶ ಮಾಡುವ ಅರ್ಹತೆ ಯಾರಿಗೂ ಬಾರದು.

ಒಂಟಿಯಾಗಿ ನಿಂತವನ ಸ್ಥಿತಿ

ವಿಶಾಲಾಕ್ಷ ಪಂಡಿತನಿಗೆ ಬೆನ್ನಿಗಿದ್ದುದು ರಾಜನ ವಿಶ್ವಾಸವೊಂದೇ. ಅವನ ಪರವಾಗಿ ಬೀದಿಯಲ್ಲಿ ಉತ್ತರ ಕೊಡುವ ಬಳಗವಿರಲಿಲ್ಲ. ಇಂದಿನ ಪಕ್ಷೇತರನ ಸ್ಥಿತಿಯೂ ಬಹುಮಟ್ಟಿಗೆ ಅಂತಹುದೇ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕನ ಸಹಿ ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರ ಸಹಿ ಬೇಕು. ಪಕ್ಷದ ಚಿಹ್ನೆ ಜನರಿಗೆ ಮೊದಲೇ ಪರಿಚಿತ. ಪಕ್ಷೇತರನಿಗೆ ಚಿಹ್ನೆ ದೊರೆಯುವುದು ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿದ ಮೇಲೆ. ಆಮೇಲೆ ಮತದಾನಕ್ಕೆ ಉಳಿಯುವ ಸುಮಾರು ಎರಡು ವಾರಗಳಲ್ಲಿ ಅವನು ತನ್ನ ಹೆಸರನ್ನೂ ಚಿಹ್ನೆಯನ್ನೂ ಹನೂರಿನ ಕಾಡಂಚಿನ ಊರುಗಳಿಗೂ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೂ ಮುಟ್ಟಿಸಬೇಕು. ಅಷ್ಟರಲ್ಲಿ ಒಂದು ಸುಳ್ಳು ಹಬ್ಬಿದರೆ ಅದನ್ನು ಬೆನ್ನಟ್ಟಿ ಹೋಗಲು ಅವನಿಗೆ ಕಾರ್ಯಕರ್ತರೂ ಇರುವುದಿಲ್ಲ, ವಕೀಲರ ತಂಡವೂ ಇರುವುದಿಲ್ಲ.

ಪಕ್ಷೇತರರ ಮೇಲೆ ಹೊರಿಸುವ ಮಾತುಗಳು ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ‘ಹಣ ಪಡೆದು ಮತ ಒಡೆಯಲು ನಿಂತಿದ್ದಾನೆ’ ಎಂಬುದು ಒಂದು. ‘ಕಣದಿಂದ ನಿವೃತ್ತನಾಗಿ ಇಂಥವರಿಗೆ ಬೆಂಬಲ ಕೊಟ್ಟಿದ್ದಾನೆ’ ಎಂದು ಮತದಾನದ ಹಿಂದಿನ ರಾತ್ರಿ ಹಬ್ಬಿಸುವುದು ಇನ್ನೊಂದು. ಮನೆಯ ಹೆಣ್ಣುಮಕ್ಕಳನ್ನು, ಹುಟ್ಟನ್ನು, ಜಾತಿಯನ್ನು ಎಳೆದು ತರುವುದು ಮೂರನೆಯದು. ಈಗ ಇವಕ್ಕೆ ತಿದ್ದಿದ ಚಿತ್ರ, ಕತ್ತರಿಸಿ ಜೋಡಿಸಿದ ಧ್ವನಿ, ಅಭ್ಯರ್ಥಿಯ ಹೆಸರಿನಲ್ಲಿ ಸೃಷ್ಟಿಸಿದ ನಕಲಿ ಪತ್ರಗಳು ಬೆಂಬಲವಾಗಿ ಬರುತ್ತವೆ.

ಕಾವೇರಿಯ ಆಚೆ ದಡದ ಮಂಡ್ಯ ಜಿಲ್ಲೆಯಲ್ಲಿ 2019ರ ಲೋಕಸಭಾ ಚುನಾವಣೆ ಇದಕ್ಕೆ ನಿದರ್ಶನವಾಯಿತು. ನಟ ಅಂಬರೀಶ್ ಅವರು 2018ರ ನವೆಂಬರಿನಲ್ಲಿ ನಿಧನರಾದ ಮೇಲೆ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ಸ್ಪರ್ಧಿಸಿದರು. ಪತಿಯನ್ನು ಕಳೆದುಕೊಂಡ ಸ್ವಲ್ಪ ಕಾಲದಲ್ಲಿಯೇ ಕಣಕ್ಕಿಳಿದರೆಂಬುದನ್ನೂ ಅವರ ಹುಟ್ಟಿದ ಜಾತಿಯನ್ನೂ ಎತ್ತಿ ಆಡಲಾಯಿತು. ಅದೇ ಕಣದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಅಭ್ಯರ್ಥಿಗಳಿದ್ದರು. ಒಂದೇ ಹೆಸರಿನವರಿಂದ ಮತದಾರನಿಗೆ ಗೊಂದಲವಾಗಬಾರದೆಂದು ಚುನಾವಣಾ ಆಯೋಗವು 2015ರಿಂದಲೇ ಮತಯಂತ್ರದ ಮೇಲಿನ ಮತಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರ ಮುದ್ರಿಸುವ ಕ್ರಮವನ್ನು ತಂದಿತ್ತು. ಕೊನೆಗೆ ಅವರು 1,25,876 ಮತಗಳ ಅಂತರದಿಂದ ಗೆದ್ದರು. ಆದರೆ ಆ ಚುನಾವಣೆಯಲ್ಲಿ ಎದುರಾಳಿಯಾದ ಯುವ ಅಭ್ಯರ್ಥಿಯ ಹೆಸರು ಹಿಡಿದು ಮಾಡಿದ ಅಣಕದ ತುಣುಕುಗಳೂ ರಾಜ್ಯವಿಡೀ ಹರಿದಾಡಿದವು ಎಂಬುದನ್ನು ಮರೆಯಬಾರದು. ಒಂದು ಕಡೆಯ ಅಪಹಾಸ್ಯಕ್ಕೆ ನೊಂದ ಜನರೇ ಇನ್ನೊಂದು ಕಡೆಯ ಅಪಹಾಸ್ಯಕ್ಕೆ ನಕ್ಕರು. ಯಳಂದೂರಿನ ಕಥೆಯ ಎರಡು ಮಗ್ಗುಲುಗಳು ಇಲ್ಲಿಯೂ ಕಾಣುತ್ತವೆ.

ಕಾನೂನಿನ ಮಿತಿ

ದೇಶದ ಕಾನೂನು ಈ ದೋಷವನ್ನು ಕಾಣದೆ ಇಲ್ಲ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 123ನೆಯ ಪ್ರಕರಣದ 4ನೆಯ ಉಪಪ್ರಕರಣವು, ಅಭ್ಯರ್ಥಿಯ ವೈಯಕ್ತಿಕ ಶೀಲ ಅಥವಾ ನಡತೆಯ ಬಗ್ಗೆ, ಅವನ ಉಮೇದುವಾರಿಕೆ ಅಥವಾ ಹಿಂದೆ ಸರಿದುದರ ಬಗ್ಗೆ, ಸುಳ್ಳೆಂದು ತಿಳಿದೂ ಪ್ರಕಟಿಸುವುದನ್ನು ಭ್ರಷ್ಟಾಚರಣೆಯೆಂದು ಸಾರುತ್ತದೆ. ಅದೇ ಕಾಯಿದೆಯ 127ಎ ಪ್ರಕರಣದಂತೆ ಚುನಾವಣಾ ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 175ನೆಯ ಪ್ರಕರಣವೂ ಚುನಾವಣೆಯ ಸಂಬಂಧದ ಸುಳ್ಳು ಹೇಳಿಕೆಗೆ ದಂಡ ವಿಧಿಸುತ್ತದೆ.

ಆದರೆ ಭ್ರಷ್ಟಾಚರಣೆಯ ಆಧಾರದ ಮೇಲೆ ಚುನಾವಣೆಯನ್ನು ಪ್ರಶ್ನಿಸಬೇಕಾದರೆ ಫಲಿತಾಂಶ ಬಂದು 45 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಪ್ರಕಟಿಸಿದವನು ಯಾರು, ಅವನಿಗೆ ಎದುರಾಳಿ ಅಭ್ಯರ್ಥಿಯ ಸಮ್ಮತಿ ಇತ್ತೇ ಎಂಬುದನ್ನೆಲ್ಲ ಸಾಬೀತುಮಾಡಬೇಕು. ಕರಪತ್ರಕ್ಕಾದರೆ ಅಚ್ಚುಕೂಟವಿತ್ತು. ನೂರು ಗುಂಪುಗಳನ್ನು ದಾಟಿ ಬಂದ ಸಂದೇಶಕ್ಕೆ ಅಚ್ಚುಕೂಟವೂ ಇಲ್ಲ, ಹೆಸರೂ ಇಲ್ಲ. ವಾಟ್ಸಾಪ್ ಸಂಸ್ಥೆಯು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕಿತು. 2020ರಲ್ಲಿ ಹಲವು ಬಾರಿ ದಾಟಿಬಂದ ಸಂದೇಶವನ್ನು ಒಂದು ಕಡೆಗೆ ಮಾತ್ರ ಎಂದು ಬಿಗಿಗೊಳಿಸಿತು. ಮತದಾನಕ್ಕೆ ಮುಂಚಿನ 48 ಗಂಟೆಗಳ ಕಾಲ ಬಹಿರಂಗ ಪ್ರಚಾರ ನಿಲ್ಲುತ್ತದೆ. ಧ್ವನಿವರ್ಧಕ ಮೌನವಾದ ಆ ಗಳಿಗೆಯಲ್ಲಿಯೇ ಮೊಬೈಲಿನ ಪಿಸುಮಾತು ಜೋರಾಗುತ್ತದೆ. ಅದಕ್ಕೆ ಬಹಿರಂಗವಾಗಿ ಉತ್ತರ ಕೊಡಲು ಅಪವಾದಕ್ಕೀಡಾದವನಿಗೆ ವೇದಿಕೆ ಇರುವುದಿಲ್ಲ. ನ್ಯಾಯಾಲಯದ ತೀರ್ಪು ಬರುವುದು ಮತದಾನದ ನಂತರ. ಆದರೆ ಆತ್ಮಸಾಕ್ಷಿಯ ತೀರ್ಪು ಅದಕ್ಕೆ ಮೊದಲೇ ಬರಲು ಸಾಧ್ಯ. ಅಲ್ಲಿ ಧರ್ಮದ ಕೆಲಸವಿದೆ.

ಆಚಾರ್ಯರ ಎಚ್ಚರಿಕೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಇಂದಿನ ಚುನಾವಣಾ ಕಣವನ್ನು ಕಂಡವರಂತೆ ಹೇಳಿದ್ದಾರೆ. ಪರಿವಾದವೆಂದರೆ ಪರನಿಂದೆ. ಪೈಶುನ್ಯವೆಂದರೆ ಚಾಡಿ. ರಹೋಭ್ಯಾಖ್ಯಾನವೆಂದರೆ ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು. ಕೂಟಲೇಖವೆಂದರೆ ಒಬ್ಬನು ಬರೆಯದುದನ್ನು ಅವನೇ ಬರೆದನೆಂದು ಸೃಷ್ಟಿಸುವುದು. ಅಭ್ಯರ್ಥಿಯ ಹೆಸರಿನಲ್ಲಿ ಹುಟ್ಟಿಸಿದ ನಕಲಿ ಪತ್ರಕ್ಕೆ ಕೂಟಲೇಖವೆಂಬುದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿಯೂ ಈ ದೋಷ ಎಣಿಕೆಯಲ್ಲಿದೆ.

ಅದೇ ಶ್ರಾವಕಾಚಾರದಲ್ಲಿ ಅಸತ್ಯಕ್ಕೆ ನಿದರ್ಶನನಾಗಿ ಹೆಸರಿಸಲ್ಪಟ್ಟವನು ಸತ್ಯಘೋಷ. ಸತ್ಯವಂತನೆಂದು ಖ್ಯಾತನಾಗಿದ್ದ ಆ ಪುರೋಹಿತನು ವರ್ತಕನೊಬ್ಬನು ಇಟ್ಟಿದ್ದ ರತ್ನಗಳನ್ನು ನುಂಗಿ, ಕೇಳಲು ಬಂದ ವರ್ತಕನಿಗೆ ಹುಚ್ಚು ಹಿಡಿದಿದೆಯೆಂದು ಊರಿಗೆಲ್ಲ ಸಾರಿದನು. ಪರವೂರಿನಿಂದ ಬಂದ ಒಂಟಿ ಮನುಷ್ಯನ ಮಾತಿಗಿಂತ ಅಧಿಕಾರವುಳ್ಳವನ ಮಾತು ಜನರಿಗೆ ಹೆಚ್ಚಾಯಿತು. ವರ್ತಕನು ಅರಮನೆಯ ಬಳಿಯ ಮರವೇರಿ ಆರು ತಿಂಗಳು ಕೂಗಿದನು. ರಾಣಿ ರಾಮದತ್ತೆಯೊಬ್ಬಳು ಮಾತ್ರ, ಹುಚ್ಚನಾದರೆ ದಿನವೂ ಒಂದೇ ಮಾತನ್ನು ತಪ್ಪದೆ ಹೇಳುವನೇ ಎಂದು ಯೋಚಿಸಿದಳು. ಉಪಾಯದಿಂದ ಸತ್ಯವನ್ನು ಹೊರತಂದಳು. ಇಡೀ ನಗರಕ್ಕೆ ಕೇಳಿಸಿದ ಕೂಗು ರಾಣಿಗೂ ಕೇಳಿಸಿತು, ವಿಚಾರಿಸಿದವಳು ಅವಳೊಬ್ಬಳೇ. ಇಂದಿನ ಮತದಾರನು ಆ ನಗರದ ಜನರಂತೆ ಇರಬೇಕೋ ರಾಣಿಯಂತೆ ಇರಬೇಕೋ ಎಂಬುದೇ ಪ್ರಶ್ನೆ.

‘ಬರೆದವರು ಬೇರೆ, ದಾಟಿಸಿದ್ದಷ್ಟೇ ತಪ್ಪೇ’ ಎಂಬ ಸಬೂಬಿಗೆ ಜೈನ ಕರ್ಮಸಿದ್ಧಾಂತದಲ್ಲಿ ಸ್ಥಳವಿಲ್ಲ. ಮನ, ವಚನ, ಕಾಯಗಳಿಂದ ತಾನು ಮಾಡುವುದು ಕೃತ. ಪರರಿಂದ ಮಾಡಿಸುವುದು ಕಾರಿತ. ಮಾಡಿದುದನ್ನು ಮೆಚ್ಚುವುದು ಅನುಮೋದನೆ. ಮೂರರಿಂದಲೂ ಆಸ್ರವವಾಗುತ್ತದೆ. ಈ ಮೂರನ್ನು ಯೋಗಗಳೊಡನೆ, ಸಂರಂಭಾದಿಗಳೊಡನೆ, ನಾಲ್ಕು ಕಷಾಯಗಳೊಡನೆ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳು ಅಷ್ಟೇ ಎಂಬುದನ್ನು ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಾರೆ. ಸುಳ್ಳನ್ನು ಕಟ್ಟಿದವನದು ಕೃತವಾದರೆ, ಕಟ್ಟಲು ಹಣ ಕೊಟ್ಟವನದು ಕಾರಿತ. ಓದಿ ನಕ್ಕು ಬೆರಳಿನಿಂದ ಒತ್ತಿ ಮುಂದಕ್ಕೆ ಕಳುಹಿಸಿದವನದು ಅನುಮೋದನೆಯಿಂದ ಆರಂಭವಾಗಿ ಕೃತದಲ್ಲಿಯೇ ಮುಗಿಯುತ್ತದೆ. ಮುಂಜಾನೆ ಜಪಮಾಲೆ ಎಣಿಸಿದ ಬೆರಳೇ ಸಂಜೆ ಅಪವಾದವನ್ನು ದಾಟಿಸುವುದಾದರೆ ಎಣಿಸಿದ ಮಣಿಗಳಿಂದ ಫಲವೇನು?

ಇದರಿಂದ ಅಭ್ಯರ್ಥಿಗಳನ್ನು ಪ್ರಶ್ನಿಸಲೇಬಾರದೆಂದು ಅರ್ಥವಲ್ಲ. ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ತನ್ನ ಮೇಲಿರುವ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂಬ ನಿಯಮವಿರುವುದೇ ಮತದಾರನು ವಿಚಾರಿಸಲಿ ಎಂದು. ಹೆಸರು ಹೇಳಿಕೊಂಡು, ಆಧಾರ ಮುಂದಿಟ್ಟು, ಉತ್ತರಕ್ಕೆ ಅವಕಾಶ ಕೊಟ್ಟು ಕೇಳುವ ಪ್ರಶ್ನೆ ಪರಿವಾದವಲ್ಲ. ಅದು ಪ್ರಜೆಯ ಕರ್ತವ್ಯ. ಹೆಸರು ಮರೆಸಿಕೊಂಡು, ಆಧಾರವಿಲ್ಲದೆ, ಉತ್ತರಕ್ಕೆ ಸಮಯವಿಲ್ಲದ ಗಳಿಗೆ ನೋಡಿ ಆಡುವ ಮಾತು ಪರಿವಾದ. ಭೇದ ಇಷ್ಟು ಸ್ಪಷ್ಟ.

ಬಸದಿಗಳ ಹೊಣೆ

ಬಸದಿಗಳ ಆಡಳಿತ ಮಂಡಳಿಗಳಿಗೆ ಇಲ್ಲಿ ವಿಶೇಷ ಹೊಣೆಯಿದೆ. ಪೂಜೆ, ಪಂಚಕಲ್ಯಾಣ, ಮುನಿವಿಹಾರಗಳ ಸುದ್ದಿ ತಿಳಿಸಲೆಂದು ರಚಿಸಿದ ಮೊಬೈಲ್ ಗುಂಪುಗಳು ಚುನಾವಣೆ ಬಂದೊಡನೆ ಅಭ್ಯರ್ಥಿಗಳ ನಿಂದಾಸ್ತುತಿಯ ಚಾವಡಿಗಳಾಗುವುದನ್ನು ಮಂಡಳಿಗಳೇ ತಡೆಯಬೇಕು. ಬಸದಿಯ ಗುಂಪಿನಿಂದ ಬಂದ ಮಾತೆಂದರೆ ಮುಗ್ಧರು ಅದನ್ನು ಬಸದಿಯ ಮಾತೆಂದೇ ನಂಬುತ್ತಾರೆ. ಸತ್ಯಘೋಷನಿಗೆ ದೊರೆತ ನಂಬಿಕೆ ಸುಳ್ಳಿಗೂ ದೊರೆಯುತ್ತದೆ. ಕಳುಹಿಸಿದವನಿಗೆ ಸೌಮ್ಯವಾಗಿ ಆಧಾರ ಕೇಳುವುದು, ಆಧಾರವಿಲ್ಲದಿದ್ದರೆ ತೆಗೆಸುವುದು, ತಪ್ಪೆಂದು ತಿಳಿದಾಗ ಅದೇ ಗುಂಪಿನಲ್ಲಿಯೇ ತಿದ್ದುಪಡಿ ಹಾಕಿಸುವುದು, ಇವು ಹೆಚ್ಚಿನ ಶ್ರಮದ ಕೆಲಸಗಳಲ್ಲ. ಅಪವಾದಕ್ಕೆ ಗುರಿಯಾದವನು ಅನ್ಯಜಾತಿಯವನೇ, ಅನ್ಯಮತದವನೇ, ಸಮಾಜಕ್ಕೆ ಹಿಂದೆ ವಿರೋಧಿಯಾಗಿದ್ದವನೇ ಆಗಿರಲಿ, ಈ ನಿಯಮ ಒಂದೇ ಆಗಿರಬೇಕು. ಸ್ವಜನರಿಗೆ ಮಾತ್ರ ಅನ್ವಯಿಸುವ ಸತ್ಯವು ವ್ರತವಾಗುವುದಿಲ್ಲ, ಪಕ್ಷಪಾತವಾಗುತ್ತದೆ.

ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಾಣಿಯ ದಿನ ಶ್ರಾವಕರು ಪರಸ್ಪರ ಕ್ಷಮೆ ಬೇಡುತ್ತಾರೆ. ಎದುರಿಗೆ ಸಿಕ್ಕವರಲ್ಲಿ ಕ್ಷಮೆ ಬೇಡುವುದು ಸುಲಭ. ಆದರೆ ಹೆಸರು ಕೆಡಿಸಿದ ಸಂದೇಶ ದಾಟಿಹೋದ ದಾರಿಯಲ್ಲಿ, ಅದರಿಂದ ನೊಂದ ಮುಖ ಕಣ್ಣಿಗೆ ಬೀಳುವುದೇ ಇಲ್ಲ. ಯಾರ ಬಳಿ ಕ್ಷಮೆ ಬೇಡಬೇಕೆಂಬುದೂ ತಿಳಿಯದು. ಯಳಂದೂರಿನ ಮಂತ್ರಿಯ ಮೇಲೆ ಮೊದಲ ಮಾತು ಆಡಿದವರು ಯಾರೆಂಬುದು ಇತಿಹಾಸಕ್ಕೆ ಗೊತ್ತಿಲ್ಲ. ಆ ಮಾತನ್ನು ಅಂದು ಒಬ್ಬೊಬ್ಬರೂ ತಮ್ಮ ಬಾಗಿಲಲ್ಲಿಯೇ ತಡೆದು ನಿಲ್ಲಿಸಿದ್ದರೆ ಅದು ಶ್ರೀರಂಗಪಟ್ಟಣವನ್ನು ಮುಟ್ಟುತ್ತಿರಲಿಲ್ಲ. ಮುಂದಿನ ಚುನಾವಣೆಯಲ್ಲಿ ಕೊಳ್ಳೇಗಾಲದಲ್ಲಾಗಲಿ ಹನೂರಿನಲ್ಲಾಗಲಿ ಒಬ್ಬ ಒಂಟಿ ಅಭ್ಯರ್ಥಿಯ ಬಗ್ಗೆ ಬರುವ ಮಾತು ಒಂದು ಶ್ರಾವಕರ ಮನೆಗೆ ಬಂದು ಅಲ್ಲಿಗೇ ನಿಂತಿತೆಂದರೆ, ಸತ್ಯಾಣುವ್ರತವು ಆ ಮನೆಯಲ್ಲಿ ಜೀವಂತವಾಗಿದೆಯೆಂದು ತಿಳಿಯಬಹುದು.